ತಡೆಯುವ ಮಾತುಗಳು

ಹೊನ್ನಾಳಿಯ ಮಿಡ್ಲ್ ಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಯುದ್ಧದ ಕಾಲ. ಕೈಗೆ ಬರುತ್ತಿದ್ದ ಸಂಬಳಕ್ಕಿಂತ ತಲೆಗೆ ಏರಿದ್ದ ಜಂಬವೇ ದೊಡ್ಡದು. ಸರ್ಕಾರದ ಪಾಠಪುಸ್ತಕ ನನ್ನಂಥವನಿಗೆ ಸಾಲದು ಎಂದುಕೊಂಡು ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ದಪ್ಪ ನೋಟುಬುಕ್ಕಿನ ಒಂದೊಂದು ಪುಟದ ಮೇಲೆ ಒಂದು ಕನ್ನಡ ಮಾತು, ಅದರ ಕೆಳಗೆ ಆ ಅರ್ಥದ ಆಸುಪಾಸಿನಲ್ಲಿ ಸುಳಿದಾಡುವ ಇಂಗ್ಲಿಷ್ ಮಾತುಗಳೆಲ್ಲ. ‘ತಡೆ’ ಎಂಬ ಪುಟ ಎಲ್ಲಕ್ಕಿಂತ ಉದ್ದ. ಸ್ಟಾಪ್, ಚೆಕ್, ಹೋಲ್ಡ್, ಕರ್ಬ್, ಪ್ರಿವೆಂಟ್, ರಿಸ್ಟ್ರೇನ್, ಡಿಟೇನ್, ವಿತ್‌ಹೋಲ್ಡ್. ಉದಾಹರಣೆಗಳು ಮಾತ್ರ ನಮ್ಮ ಕಡೆಯವೇ. ಸೂಳೆಕೆರೆಯ ಏರಿ ನೀರನ್ನು ಹೋಲ್ಡ್ ಮಾಡುತ್ತದೆ. ಮೂಗುದಾರ ಹೋರಿಯನ್ನು ಕರ್ಬ್ ಮಾಡುತ್ತದೆ. ಲೆಕ್ಕ ಮಾಡಿಕೊಂಡು ಬರದವನನ್ನು ಮೇಷ್ಟ್ರು ಸಂಜೆ ಡಿಟೇನ್ ಮಾಡುತ್ತಾರೆ. ರೇಷನ್ ಅಂಗಡಿಯವನು ಸಕ್ಕರೆಯನ್ನು ವಿತ್‌ಹೋಲ್ಡ್ ಮಾಡುತ್ತಾನೆ. ಈ ಕೊನೆಯದನ್ನು ಹೇಳಿದಾಗ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು, ನಾನೂ ನಗುತ್ತಿದ್ದೆ.

ನನ್ನ ಅಕ್ಕನ ಗಂಡ ಚನ್ನಗಿರಿಯವರು. ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಣಕಲು ಮನುಷ್ಯ, ದೊಡ್ಡ ನಗು. ಕಂದಾಯ ಲೆಕ್ಕದ ಜಮಾಬಂದಿ ಕೆಲಸ ಎಂದು ಸೊಕ್ಕೆಯ ಕಡೆಯ ಹಳ್ಳಿಗಳನ್ನು ಬಿಸಿಲಲ್ಲಿ ಅಲೆದು ಬಂದ ವಾರದಲ್ಲೂ ತವರಿಗೆ ಬಂದ ಅಕ್ಕನಿಗೆ ಕಾಗದ ಹಾಕುವುದನ್ನು ತಪ್ಪಿಸಿದವರಲ್ಲ. ಚೊಚ್ಚಲ ಹೆರಿಗೆಗೆ ಅಕ್ಕನನ್ನು ನ್ಯಾಮತಿಯ ನಮ್ಮ ಮನೆಗೆ ಬಿಡಲು ಬಂದಾಗ ನನ್ನ ನೋಟುಬುಕ್ಕು ಅವರ ಕೈಗೆ ಸಿಕ್ಕಿತು.

“ಏನ್ ಮೇಷ್ಟ್ರೇ, ತಡೆಯಾಕೆ ಇಷ್ಟೊಂದು ಮಾತು ಅದಾವೆ. ಬಿಡಾಕೆ ಎಷ್ಟು ಅದಾವೆ?” ಎಂದರು.

ಆ ಪುಟ ಇನ್ನೂ ಬರೆದಿಲ್ಲ ಭಾವ ಎಂದೆ. ಒಳಗಿನಿಂದ ಅಕ್ಕ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಮಾರನೆಯ ದಿನ ಭಾವ ಜಗಳೂರಿಗೆ ಹೊರಟುಹೋದರು.

ಗಂಡು ಕೂಸು ಹುಟ್ಟಿ ಹನ್ನೆರಡನೆಯ ದಿನ ಹೊನ್ನಾಳಿಯ ಪೋಸ್ಟಾಫೀಸಿಗೆ ತಂತಿ ಬಂತು. ಪೋಸ್ಟ್‌ಮ್ಯಾನಿಗೆ ನನ್ನ ಪರಿಚಯವಿತ್ತು. ನ್ಯಾಮತಿಯ ತನಕ ಯಾಕೆ ಹೋಗಲಿ ಎಂದು ಸ್ಕೂಲಿಗೇ ತಂದುಕೊಟ್ಟ. ಭಾವನ ಜೊತೆಯ ಗುಮಾಸ್ತರೊಬ್ಬರು ಕಳಿಸಿದ್ದು. ವಿಷಮಶೀತ ಜ್ವರ, ಸ್ಥಿತಿ ಚೆನ್ನಾಗಿಲ್ಲ, ಹೆಂಡತಿಯನ್ನೂ ಮಗುವನ್ನೂ ಕೂಡಲೇ ಕರೆತನ್ನಿ, ನೋಡಬೇಕು ಅನ್ನುತ್ತಿದ್ದಾರೆ. ಅಷ್ಟೇ ಇದ್ದದ್ದು. ಹೆಡ್‌ಮೇಷ್ಟ್ರಿಗೆ ಹೇಳಿ, ಅವರ ಸೈಕಲ್ಲನ್ನೇ ಕೇಳಿ ಇಸಿದುಕೊಂಡು ನ್ಯಾಮತಿಗೆ ತುಳಿದೆ.

ಅಪ್ಪನನ್ನೂ ಅವ್ವನನ್ನೂ ಕೊಟ್ಟಿಗೆಗೆ ಕರೆದು ತಂತಿ ಓದಿ ಹೇಳಿದೆ. ಕೂಸಿಗೆ ನೀರು ಹಾಕಿ ಹೊರಟಿದ್ದ ಸೂಲಗಿತ್ತಿಯೂ ನಿಂತಳು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಹಸಿ ಬಾಣಂತಿ ರೀ ಗೌಡ್ರೇ,” ಎಂದಳು ಸೂಲಗಿತ್ತಿ. “ಈಗ ಇದನ್ನ ಕಿವಿಗೆ ಹಾಕಿದ್ರೆ ಎದ್ಯಾಗಿನ ಹಾಲು ಬತ್ತೋಗ್ತೈತೆ. ಸನ್ನಿ ಏರಿದ್ರೆ ತಾಯಿನೂ ದಕ್ಕಲ್ಲ, ಕೂಸೂ ದಕ್ಕಲ್ಲ.”

ನಮ್ಮ ಕಡೆ ಇದು ಹೊಸ ಮಾತಲ್ಲ. ಬಾಣಂತಿಗೆ ಕೆಟ್ಟ ಸುದ್ದಿ ಹೇಳುವವರು ಯಾವ ಮನೆಯಲ್ಲೂ ಇರಲಿಲ್ಲ. ತಾಯಿ ಸತ್ತರೂ, ತಂದೆ ಸತ್ತರೂ ಬಾಣಂತಿಯ ಕೋಣೆಯ ಬಾಗಿಲಿನ ಆಚೆಗೇ ಎಲ್ಲರೂ ಕಣ್ಣು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಅಪ್ಪ ಬಹಳ ಹೊತ್ತು ಎತ್ತಿನ ಬೆನ್ನು ಸವರುತ್ತ ನಿಂತಿದ್ದರು.

“ನಲವತ್ತು ದಿವ್ಸ ಕಳೀಲಿ. ಅಲ್ಲಿ ತನ್ಕ ಯಾರೂ ಬಾಯಿ ಬಿಡಬಾರ್ದು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಬರಾಕೆ ಆಗಲ್ಲ ಅಂತ ನೀನೇ ತಂತಿ ಕೊಡು. ಇಂಗ್ಲೀಷ್ನಾಗೆ ಚೆಂದಾಗಿ ಬರಿ. ಅವ್ರ ಮನ್ಸಿಗೆ ಬೇಜಾರಾಗಬಾರ್ದು. ನೀನು ಹೋಗಿ ನೋಡ್ಕಂಡು ಬಾ,” ಎಂದರು.

ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಮಾನು ಕಟ್ಟಿ, ಅಕ್ಕನನ್ನು ಹೊನ್ನಾಳಿಯ ತನಕ ಮಲಗಿಸಿಕೊಂಡು ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು ಎಂದು ನನಗೆ ಆಗಲೇ ಹೊಳೆದಿತ್ತು. ಕೆಟ್ಟ ಸುದ್ದಿಗೆ ಹಾಲು ಬತ್ತುತ್ತದೆ ಎಂದು, ಇಂಗ್ಲಿಷಿನ ಜೊತೆಗೆ ನಾನು ಪಾಠ ಮಾಡುತ್ತಿದ್ದ ಆರೋಗ್ಯಶಾಸ್ತ್ರದ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕ್ಲಾಸಿನಲ್ಲಿ ಗಂಟಲು ಹರಿದುಕೊಳ್ಳುವವನು ಕೊಟ್ಟಿಗೆಯಲ್ಲಿ ತೆಪ್ಪಗೆ ನಿಂತಿದ್ದೆ. ಹೆದರಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಅಕ್ಕನಿಗೋ ಕೂಸಿಗೋ ಏನಾದರೂ ಆದರೆ ಆ ಪಾಪ ನನ್ನ ತಲೆಗೆ ಬರುತ್ತಿತ್ತು.

ಹೊನ್ನಾಳಿಗೆ ವಾಪಸು ಬಂದು ಪೋಸ್ಟಾಫೀಸಿನ ಕಿಟಕಿಯ ಮುಂದೆ ಫಾರಂ ಹಿಡಿದು ನಿಂತೆ. ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಿಕೊಂಡಿಲ್ಲ. ಭಾವ ಅಲ್ಲಿ ಜ್ವರದಲ್ಲಿ ಬೇಯುತ್ತಿದ್ದರೆ ನಾನು ಇಲ್ಲಿ ಒಳ್ಳೆಯ ಮಾತು ಹುಡುಕುತ್ತಿದ್ದೆ. ಕೆನಾಟ್ ಕಮ್ ಎಂದರೆ ಒರಟಾಯಿತು. ಪ್ರಿವೆಂಟೆಡ್ ಎಂದರೆ ನಾವೇ ಅಡ್ಡ ನಿಂತಂತೆ ಆಯಿತು. ಕೊನೆಗೆ ‘ವೈಫ್ ಡಿಟೇನ್ಡ್, ಬ್ರದರ್ ಸ್ಟಾರ್ಟಿಂಗ್’ ಎಂದು ಬರೆದೆ. ನಾಲ್ಕೇ ಮಾತು, ಎಷ್ಟು ಅಚ್ಚುಕಟ್ಟು ಎಂದು ಇನ್ನೊಮ್ಮೆ ಓದಿ ಮೆಚ್ಚಿಕೊಂಡೆ. ಆ ಮೆಚ್ಚುಗೆ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತು, ಜಗಳೂರು ಮುಟ್ಟುವ ಹೊತ್ತಿಗೆ ಮೂರನೆಯ ದಿನ. ಚನ್ನಗಿರಿಯಿಂದ ಭಾವನ ಅಣ್ಣ ಆಗಲೇ ಬಂದಿದ್ದರು. ಬಾಡಿಗೆ ಮನೆಯ ಪಡಸಾಲೆಯಲ್ಲಿ ಭಾವ ಮಲಗಿದ್ದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ದಿಂಬಿನ ಅಡಿಯಿಂದ ನನ್ನ ತಂತಿ ಇಣುಕುತ್ತಿತ್ತು. ಅವರು ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಆಮೇಲೆ ಮತ್ತೆ ನನ್ನನ್ನು ನೋಡಿದರು.

“ಯಾರು ತಡೆದ್ರು ಅವಳ್ನ?” ಎಂದರು.

“ಯಾರೂ ಇಲ್ಲ ಭಾವ. ಬಸ್ಸು ನಿಂತು ಹೋಗೈತೆ.”

“ನೀನು ಹೆಂಗೆ ಬಂದೆ ಮತ್ತೆ?”

ನಾನು ಅವರ ಹೊದಿಕೆ ಸರಿಮಾಡತೊಡಗಿದೆ. ಅವರು ಕೆದಕಲಿಲ್ಲ. ಕೂಸು ಎಷ್ಟು ಉದ್ದ ಐತೆ ತೋರಿಸು ಎಂದರು. ನಾನು ಎರಡೂ ಕೈ ಅಗಲಿಸಿ ಹಿಡಿದೆ. ಅವರು ನನ್ನ ಕೈಗಳ ನಡುವಿನ ಬರಿದಾದ ಜಾಗವನ್ನು ನೋಡುತ್ತ ಮಲಗಿದರು. ತೋಳು ಸೋತರೂ ಇಳಿಸಲಿಲ್ಲ. ಅವರೇ ಕಣ್ಣು ಮುಚ್ಚಿಕೊಂಡ ಮೇಲೆ ಇಳಿಸಿದೆ. ಮತ್ತೆ ಆರು ದಿನ ಇದ್ದರು. ದಿನಾ ಒಂದು ಸಲ ಕೈಸನ್ನೆ ಮಾಡಿ ಅದನ್ನೇ ತೋರಿಸು ಎನ್ನುತ್ತಿದ್ದರು, ದಿನಾ ತೋರಿಸಿದೆ.

ಮಣ್ಣು ಜಗಳೂರಿನಲ್ಲೇ ಆಯಿತು. ಉಳಿದ ಕಾರ್ಯವನ್ನು ಅವರ ಅಣ್ಣ ಚನ್ನಗಿರಿಯಲ್ಲಿ ಮಾಡುತ್ತೇನೆಂದರು. ನಾನು ನ್ಯಾಮತಿಗೆ ಬಂದಾಗ ಅಂಗಳದಲ್ಲೇ ಅವ್ವ ನನ್ನ ಮುಖ ನೋಡಿ ತಿಳಿದುಕೊಂಡಳು, ಬಾಯಿ ಬಿಡಬೇಡ ಎಂದು ಸನ್ನೆ ಮಾಡಿದಳು. ಒಳಗೆ ಅಕ್ಕ ಕೂಸಿಗೆ ಜೋಗುಳ ಹೇಳುತ್ತಿದ್ದಳು. ಅವಳ ದನಿ ಅಷ್ಟು ಇಂಪು ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಅಂದಿನಿಂದ ನಲವತ್ತು ತುಂಬುವ ತನಕ ಆ ಮನೆಯಲ್ಲಿ ನಡೆದದ್ದನ್ನು ಹೇಗೆ ಹೇಳಲಿ? ದಿನಾ ಬೆಳಿಗ್ಗೆ ಅವ್ವ ಅಕ್ಕನ ತಲೆ ಬಾಚಿ, ಹಣೆಗೆ ಕುಂಕುಮ ಇಟ್ಟು, ಕೊಟ್ಟಿಗೆಗೆ ಬಂದು ಕಂಬ ಹಿಡಿದು ಅಳುತ್ತಿದ್ದಳು. ನಾನು ಶನಿವಾರ ಬಂದು ಸೋಮವಾರ ಹೋಗುತ್ತಿದ್ದೆ. ಅವರ ಕಾಗದ ಯಾಕೆ ಬಂದಿಲ್ಲ ಎಂದು ಅಕ್ಕ ಕೇಳಿದರೆ, ಬಸ್ಸುಗಳು ಸರಿಯಿಲ್ಲ, ಟಪಾಲು ತಡ ಎನ್ನುತ್ತಿದ್ದೆ. ಅವಳು ಎರಡು ಕಾಗದ ಬರೆದು ಪೋಸ್ಟು ಮಾಡು ಎಂದು ಕೊಟ್ಟಳು. ಒಂದನ್ನು ಕೊಡುವಾಗ, “ಕೂಸಿಗೆ ಏನ್ ಹೆಸ್ರು ಇಡೋಣ ಅಂತ ಕೇಳೀನಿ. ಜಲ್ದಿ ಹಾಕಪ್ಪಾ,” ಎಂದಳು. ಎರಡನ್ನೂ ನನ್ನ ಟ್ರಂಕಿನ ತಳದಲ್ಲಿ ಇಟ್ಟೆ. ಆ ತಿಂಗಳು ನಾನು ‘ತಡೆ’ಯ ಪುಟವನ್ನು ಕ್ಲಾಸಿನಲ್ಲಿ ತೆಗೆಯಲಿಲ್ಲ. ರೇಷನ್ ಅಂಗಡಿಯ ಉದಾಹರಣೆ ಹೇಳಿ ಸಾರ್ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ್ದಕ್ಕೆ ಬೆತ್ತದಲ್ಲಿ ಬಾರಿಸಿದೆ. ಅವನು ಏನು ತಪ್ಪು ಮಾಡಿದ್ದ, ಪಾಪ.

ನಲವತ್ತನೆಯ ದಿನ ನೀರು ಹಾಕಿ, ಕೂದಲು ಒಣಗಿಸಿ, ಅಕ್ಕನನ್ನು ನಡುಮನೆಗೆ ಕರೆತಂದು ಕೂರಿಸಿದರು. ಅವಳು ನಮ್ಮೆಲ್ಲರ ಮುಖ ನೋಡಿದಳು. ಅವ್ವ ಅವಳನ್ನು ತಬ್ಬಿಕೊಂಡು ಹೇಳಿಬಿಟ್ಟಳು. ಹಾಲು ಬತ್ತುತ್ತೆ ಅಂತ ಹೇಳಲಿಲ್ಲ ಕಣವ್ವಾ, ಕೂಸಿನ ಸಲುವಾಗಿ ಹೇಳಲಿಲ್ಲ ಎಂದು ಎದೆ ಎದೆ ಬಡಿದುಕೊಂಡಳು. ನಾನು ಆ ಎರಡು ಕಾಗದಗಳನ್ನು ಅಕ್ಕನ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ. ಅಳುತ್ತ ಅಳುತ್ತ ದನಿ ಬಿದ್ದುಹೋದ ಮೇಲೆ ನನ್ನ ಕಡೆ ತಿರುಗಿದಳು.

“ತಂತಿ ಬಂದ್ ಮ್ಯಾಲೆ ಎಷ್ಟು ದಿವ್ಸ ಇದ್ರು?”

“ಒಂಬತ್ತು.”

“ನೀನು ಮುಟ್ಟಿದ್ದು?”

“ಮೂರನೇ ದಿವ್ಸ.”

“ಆರು ದಿವ್ಸ ನಾನು ಅವ್ರ ಹತ್ರ ಇರಬೌದಿತ್ತು. ನೀನು ಓದ್ದೋನು, ನೀನರ ನನಗೆ ಹೇಳಬಾರ್ದಿತ್ತಾ?”

ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಎದ್ದು ಚೀರಿತು. ಅಪ್ಪ ಬಾಗಿಲಲ್ಲಿ ನಿಂತವರು ಆಚೆ ಸರಿದರು. ಸೂಲಗಿತ್ತಿ ಅಕ್ಕನ ಎದೆಯನ್ನೇ ನೋಡುತ್ತಿದ್ದಳು, ಅವ್ವನೂ ಅಷ್ಟೇ. ಅಕ್ಕ ಎದ್ದು ಹೋಗಿ ಕೂಸನ್ನು ಎತ್ತಿಕೊಂಡು ಬಂದು ಗೋಡೆಗೆ ಒರಗಿ ಕೂತು ಸೆರಗಿನೊಳಗೆ ತೆಗೆದುಕೊಂಡಳು. ಚೀರಾಟ ನಿಂತಿತು. ಗುಟುಕು ಗುಟುಕು ನುಂಗುವ ಸದ್ದು ನಡುಮನೆಗೆಲ್ಲ ಕೇಳಿಸಿತು. ಹಾಲಿನ ರಭಸಕ್ಕೆ ಕೂಸು ಕೆಮ್ಮಿತು, ಅಕ್ಕನ ಕುಪ್ಪಸ ತೊಯ್ದು ಹಾಲು ಅವಳ ಮಡಿಲಿಗೆ ಇಳಿಯಿತು.

“ನೋಡ್ರಿ ಎಲ್ಲಾರೂ,” ಎಂದಳು ಅಕ್ಕ. “ಬತ್ತಲಿಲ್ಲ.”