ಹವಳದ ಪಕ್ಕದಲ್ಲಿ ಒಂದು ಕೈ

ಓನರ್ ಆಂಟಿಯ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಹುಡುಗಿಯಾಗಿದ್ದಾಗ ರಾಗಿ ಕೊಯ್ಯುತ್ತಾ ಕುಡುಗೋಲು ತಾಗಿ ಹಾಗಾಯಿತಂತೆ. ಕಪ್ಪು ಕೈ, ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ಅರಿಶಿನ, ಉಪ್ಪುನೀರಿನಲ್ಲಿ ನೆನೆದೂ ನೆನೆದೂ ಬಿರುಕು ಬಿಟ್ಟ ಬೆರಳ ತುದಿಗಳು, ಹಸಿರು ಗಾಜಿನ ಬಳೆ. ಈ ಕೈಯ ಫೋಟೋವನ್ನು ನಾನು ಎಷ್ಟು ಸಲ ತೆಗೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡೇ ತೆಗೆದಿದ್ದೇನೆ.

ಬೆಂಗಳೂರಿನ ಸಿಂಗಸಂದ್ರದಲ್ಲಿ ಅವರ ಕಟ್ಟಡದ ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆನ್‌ಲೈನಿನಲ್ಲಿ ಮಾರುವವರಿಗೆ ಚಪ್ಪಲಿ, ಕುಕ್ಕರ್, ಬೆಡ್‌ಶೀಟುಗಳ ಫೋಟೋ ತೆಗೆದುಕೊಡುವುದು ನನ್ನ ಹೊಟ್ಟೆಪಾಡು. ಕೆಳಗೆ ರಸ್ತೆಗೆ ತೆರೆದ ಮಳಿಗೆಯಲ್ಲಿ ಆಂಟಿಯ ಹವಳದಂಗಡಿ. ಹವಳ ಅಂದರೆ ಕೊರಳಿಗೆ ಹಾಕುವುದಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಜೀವಂತ ಹವಳ. ಮೊದಲು ಆ ಮಳಿಗೆಯನ್ನು ಚೆನ್ನೈ ಕಡೆಯ ಒಬ್ಬ ಹುಡುಗ ಬಾಡಿಗೆಗೆ ಹಿಡಿದಿದ್ದ. ಕಾಗದಪತ್ರ ಮಾಡಿಸಿ ಹೊರದೇಶದ ಫಾರ್ಮಿನಿಂದ ತಾಯಿ ಹವಳ ತರಿಸಿ, ಅದರ ತುಂಡುಗಳನ್ನು ಬೆಳೆಸಿ ಮಾರುತ್ತಿದ್ದ. ಲಾಕ್‌ಡೌನಿನಲ್ಲಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ತೊಟ್ಟಿಗಳನ್ನು ಮೋರಿಗೆ ಚೆಲ್ಲಿ ಮಳಿಗೆ ಖಾಲಿ ಮಾಡಿಸೋಣ ಎಂದು ಆಂಟಿಯ ಮಗ ಹೇಳಿದರೆ ಅವರು ಒಪ್ಪಲಿಲ್ಲ. ಆ ಹುಡುಗನಿಗೆ ದಿನಾ ಫೋನ್ ಮಾಡಿ ಕೇಳಿ ಕೇಳಿ ತಾವೇ ನೋಡಿಕೊಳ್ಳುವುದನ್ನು ಕಲಿತರು. ಗದ್ದೆ, ಹೊಲ ಎಲ್ಲ ಲೇಔಟ್ ಆಗಿಹೋದ ಮೇಲೆ ಅವರ ಕೈಗೆ ಕೆಲಸವೇ ಇರಲಿಲ್ಲ, ಅದೂ ಒಂದು ಕಾರಣ ಇರಬಹುದು. ಹವಳಗಳನ್ನು ಅವರು ಗಿಡ ಎಂದೇ ಕರೆಯುತ್ತಿದ್ದರು.

"ಅದು ಗಿಡ ಅಲ್ಲ ಆಂಟಿ, ಪ್ರಾಣಿ" ಅಂದರೆ, "ಬೆಳಕು ಕುಡಿದು ಬದುಕ್ತದಲ್ಲ, ಇನ್ನೇನು?" ಎನ್ನುತ್ತಿದ್ದರು. ಅವರ ಜೊತೆ ವಾದ ಮಾಡುವುದೆಂದರೆ ನಾವೇ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡಂತೆ.

ಮಗನಿಗೆ ಆ ಮಳಿಗೆಯ ಮೇಲೆ ಕಣ್ಣಿತ್ತು. ಬಿರಿಯಾನಿ ಪಾರ್ಸೆಲ್ ಕೌಂಟರಿನವರು ಒಳ್ಳೆಯ ಬಾಡಿಗೆ ಕೊಡುತ್ತೇವೆಂದು ಬಂದು ಕೇಳಿ ಹೋಗಿದ್ದರು. "ಅಮ್ಮಾ, ಕರೆಂಟ್ ಬಿಲ್ಲಾದರೂ ಹುಟ್ಟಬೇಕಲ್ವಾ? ಯುಗಾದಿವರೆಗೂ ನೋಡ್ತೀನಿ, ಆಮೇಲೆ ಷಟರ್ ಎಳೀತೀನಿ" ಎಂದು ಅವನು ನನ್ನೆದುರೇ ಹೇಳಿದ. ಮಾರಾಟ ಹೆಚ್ಚಬೇಕಿತ್ತು. ಹವಳ ಕೊಳ್ಳುವವರು ಅಂಗಡಿಗೆ ಬರುವುದೇ ಅಪರೂಪ. ಫೋನಿನಲ್ಲಿ ಫೋಟೋ ನೋಡುತ್ತಾರೆ, ಇಷ್ಟವಾದರೆ ತರಿಸಿಕೊಳ್ಳುತ್ತಾರೆ. ಹಾಗಾಗಿ ಆಂಟಿ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು. ನಾನು ಖುಷಿಯಿಂದಲೇ ಒಪ್ಪಿದೆ. ಏನು ಕಾದಿದೆ ಎಂದು ಗೊತ್ತಿರಲಿಲ್ಲ.

ಹವಳದ ಫೋಟೋಗೆ ಎಲ್ಲರೂ ಮಾಡುವ ಉಪಾಯ ಒಂದೇ. ತೊಟ್ಟಿಯ ದೀಪದಲ್ಲಿ ಬಿಳಿ, ನೀಲಿ ಎರಡು ತಿರುಗಣೆ ಇರುತ್ತವೆ. ಬಿಳಿಯನ್ನು ಪೂರಾ ಇಳಿಸಿ, ನೀಲಿಯನ್ನು ಪೂರಾ ಏರಿಸಿ, ಕ್ಯಾಮೆರಾದ ಮುಂದೆ ಕೇಸರಿ ಬಣ್ಣದ ಫಿಲ್ಟರ್ ಹಿಡಿದರೆ ಸಾಕು. ಸಗಣಿ ಬಣ್ಣದ ಹವಳವೂ ಗಣೇಶನ ಪೆಂಡಾಲಿನ ಹಾಗೆ ಹಸಿರು, ಗುಲಾಬಿ ಬಣ್ಣದಲ್ಲಿ ಝಗಮಗಿಸುತ್ತದೆ. ನಾನು ಮೊದಲ ದಿನ ಹಾಗೇ ತೆಗೆದೆ. ಸಕ್ಕತ್ತಾಗಿ ಬಂದಿತ್ತು. ಆಂಟಿ ನನ್ನ ಕ್ಯಾಮೆರಾ ನೋಡಿದರು, ತೊಟ್ಟಿ ನೋಡಿದರು, ಮತ್ತೆ ಕ್ಯಾಮೆರಾ ನೋಡಿದರು.

"ಇದು ಯಾವ ಗಿಡ?"

"ಇದೇ ಆಂಟಿ, ನಿಮ್ಮ ಮುಂದೆ ಇರೋದೇ."

"ಅಲ್ಲ ಬುಡು."

ಅವರೇ ಬಿಳಿಯ ತಿರುಗಣೆ ಏರಿಸಿದರು, ನೀಲಿ ಇಳಿಸಿದರು, ಅಲೆ ಎಬ್ಬಿಸುವ ಮೋಟಾರು ಆರಿಸಿದರು. ನೀರು ನಿಂತ ಮೇಲೆ ಆ ಸೊಟ್ಟ ಬೆರಳಿನ ಕೈಯನ್ನು ತೊಟ್ಟಿಗೆ ಇಳಿಸಿ ಹವಳದ ಪಕ್ಕ ಹಿಡಿದರು. "ಈಗ ತೆಗಿ" ಅಂದರು. ಕೈ ಯಾಕೆ ಎಂದು ಕೇಳಿದೆ.

"ಗಿಡ ಯಾವ ಬಣ್ಣ ಅಂತ ತಗೊಳೋರಿಗೆ ಗೊತ್ತಿರಲ್ಲ. ಮನುಷ್ಯರ ಕೈ ಎಂಗಿರ್ತದೆ ಅಂತ ಎಲ್ರಿಗೂ ಗೊತ್ತು. ನನ್ನ ಕೈ ನೀಲಿ ಕಂಡ್ರೆ ಗಿಡನೂ ಸುಳ್ಳು ಅಂತ ತಿಳ್ಕೋತಾರೆ. ಕಪ್ಪಗೆ ಕಂಡ್ರೆ ಸರಿಯಾಗೈತೆ ಅಂತ."

"ಆಂಟಿ, ಸಮುದ್ರದ ಆಳದಲ್ಲಿ ಬೆಳಕೇ ನೀಲಿ. ಹಂಗೆ ನೋಡಿದ್ರೆ ಅದೇ ನಿಜ."

"ತಗೊಳೋರು ಸಮುದ್ರದಾಗೆ ಇರ್ತಾರಾ? ಬೇಗೂರಿನ ಫ್ಲಾಟ್‌ನಾಗೆ ಇರ್ತಾರೆ. ಸೀರೆ ಅಂಗಡಿನಾಗೆ ನೀನು ದೀಪದ ಕೆಳಗೆ ನೋಡಿ ಸೀರೆ ತಗೋತೀಯಾ? ಬಾಗ್ಲತ್ರ ಬಿಸಿಲಿಗೆ ಹಿಡಿದು ನೋಡಲ್ವಾ? ಈ ಗಿಡನ ಬಾಗ್ಲಿಗೆ ತರಕ್ಕಾಗಲ್ಲ. ಅದಕ್ಕೇ ಕೈ."

ಅಲ್ಲಿಂದ ಶುರುವಾಯಿತು ನಮ್ಮ ಜಗಳ. ಬಿಳಿ ಬೆಳಕಿನಲ್ಲಿ ಹವಳಗಳು ಕಂದು, ಮಾಸಲು ಹಸಿರು, ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕೆ. ಅದರ ಪಕ್ಕ ಬಳೆ ತೊಟ್ಟ ಒಂದು ಕೈ. ಬೇರೆ ಅಂಗಡಿಗಳ ಫೋಟೋಗಳು ಹೊಳೆಯುತ್ತಿದ್ದರೆ ನಮ್ಮದು ತರಕಾರಿ ತೊಳೆಯುವ ದೃಶ್ಯದ ಹಾಗೆ ಕಾಣುತ್ತಿತ್ತು. ಫೋಟೋಗಳ ಕೆಳಗೆ ಜನ ತಮಾಷೆ ಮಾಡಿ ಬರೆಯುತ್ತಿದ್ದರು. "ಅಕ್ಕಾ, ಹುಳಿಗೆ ಹಾಕೋಕಾ?" ಎಂದು ಒಬ್ಬ ಕೇಳಿದ್ದ. ನಾನು ಅದನ್ನು ಓದಿ ಹೇಳಿದರೆ ಆಂಟಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಚಪ್ಪಲಿಗೆ ನಾನು ಕೊಡುವ ಬೆಳಕನ್ನು ನೋಡಿ ಕಂಪನಿಯವರು ಮೆಚ್ಚುತ್ತಾರೆ, ಇಲ್ಲಿ ಈ ಹೆಂಗಸು ನನ್ನ ಕಸುಬನ್ನೇ ಕಟ್ಟಿಹಾಕಿ ತಮ್ಮ ಅಂಗಡಿಯನ್ನು ತಾವೇ ಮುಳುಗಿಸುತ್ತಿದ್ದಾರೆ ಎಂದು ಮೈ ಉರಿಯುತ್ತಿತ್ತು. ಆ ಅಂಗಡಿ ಹೋದರೆ ಅವರು ಏನು ಮಾಡುತ್ತಾರೆ ಎಂಬ ಸಂಕಟವೂ ಇತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಕುಳಿತರೆ ಅವರ ಮುಖವೇ ಬೇರೆಯಾಗುತ್ತಿತ್ತು.

ಒಮ್ಮೆ ಅವರೇ ಒಂದು ಎಡವಟ್ಟು ಮಾಡಿದರು. ನನ್ನ ಗೊಣಗಾಟ ಕೇಳಿ ಕೇಳಿ, ಬೆಳಕು ಸಾಲದೇನೋ ಎಂದುಕೊಂಡು, ಒಂದು ತೊಟ್ಟಿಗೆ ಬಿಳಿ ದೀಪವನ್ನು ಪೂರಾ ಏರಿಸಿ ಹಾಗೇ ಬಿಟ್ಟಿದ್ದರು. ಕೆಲವು ದಿನ ಕಳೆದು ಕೆಳಗಿಳಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಕಂದು ಬಣ್ಣದ ಒಂದು ದೊಡ್ಡ ಹವಳ ತಿಳಿಗುಲಾಬಿಗೆ ತಿರುಗಿ, ತುದಿಗಳು ನೇರಳೆಯಾಗಿ ನಿಂತಿತ್ತು. ಬಿಳಿ ಬೆಳಕಿನಲ್ಲೇ! ನೀಲಿ ಇಲ್ಲ, ಫಿಲ್ಟರ್ ಇಲ್ಲ. ಆಂಟಿ ಮದುವೆಗೆಂದು ಬೊಮ್ಮನಹಳ್ಳಿಗೆ ಹೊರಟಿದ್ದರು, ಅವಸರದಲ್ಲೇ ನೀರಿಗೆ ಕೈ ಇಳಿಸಿ, ಮುಖ ಬಾಗಿಲ ಕಡೆ ತಿರುಗಿಸಿ, ಫೋಟೋ ತೆಗೆಸಿಕೊಂಡು ಹೋದರು. ನಾನು ಅದನ್ನು ಆನ್‌ಲೈನಿನಲ್ಲಿ ಹಾಕಿದೆ. ಫೋನು ನಿಲ್ಲಲೇ ಇಲ್ಲ.

ಮಾರನೆಯ ದಿನ ದೊಡ್ಡನೆಕ್ಕುಂದಿಯಿಂದ ಒಬ್ಬರು ಕಾರಿನಲ್ಲಿ ಥರ್ಮೋಕೋಲ್ ಡಬ್ಬ ಇಟ್ಟುಕೊಂಡು ಬಂದೇಬಿಟ್ಟರು. ಆಗಲೇ ಆಂಟಿ ಆ ಹವಳವನ್ನು ಸರಿಯಾಗಿ ನೋಡಿದ್ದು. ಬಗ್ಗಿ ನೋಡಿದರು, ಕನ್ನಡಕ ಹಾಕಿ ನೋಡಿದರು. ಆಮೇಲೆ ಬಂದವರ ಕಡೆ ತಿರುಗಿ, "ಇದು ಕೊಡಕ್ಕಾಗಲ್ಲ ಸಾರ್" ಅಂದರು.

"ಯಾಕ್ ಮೇಡಂ? ಫೋಟೋದಲ್ಲಿ ಇದೇ ಕಲರ್ ಇದೆಯಲ್ಲ. ನಿಮ್ ಕೈನೂ ಇದೆ."

"ಫೋಟೋ ಸುಳ್ಳಲ್ಲ ಸಾರ್. ಗಿಡಕ್ಕೆ ಸುಖ ಇಲ್ಲ. ಅದರ ಕಂದು ಬಣ್ಣ ಐತಲ್ಲ, ಅದೇ ಅದರ ಅನ್ನ. ಬೆಳಕು ಜಾಸ್ತಿ ಆಗಿ ಅದೆಲ್ಲ ಬುಟ್ಟೋಗೈತೆ. ನಾನೇ ಮಾಡಿದ್ ತಪ್ಪು. ಇದು ಬಣ್ಣ ಬಂದಿರೋದಲ್ಲ, ರಕ್ತ ಇಲ್ದಿರೋದು."

ಆತ ಪರವಾಗಿಲ್ಲ, ಹೇಗಿದ್ದರೂ ಬೇಕು ಎಂದರು. ನಾನು ಆಂಟಿಯನ್ನು ಪಕ್ಕಕ್ಕೆ ಎಳೆದು, "ಅವರಿಗೆ ಹೇಳಿದ್ರಲ್ಲ, ಆದರೂ ಕೇಳ್ತಿದಾರೆ. ಕೊಟ್ಬಿಡಿ ಆಂಟಿ. ಮಗ ಷಟರ್ ಎಳೀತಾನೆ" ಎಂದೆ. ನನಗೆ ಅಳುವೇ ಬಂದಿತ್ತು.

"ಹಸಿ ಬಾಣಂತಿನ ಬಸ್ಸು ಹತ್ಸಿ ಕಳ್ಸು ಅಂತೀಯಲ್ಲ" ಅಂದರು ಆಂಟಿ. ಬಂದವರಿಗೆ ಕಾಫಿ ಕೊಟ್ಟು ಕಳಿಸಿದರು, ಹವಳ ಕೊಡಲಿಲ್ಲ. ಆತ ಗೊಣಗಿಕೊಂಡೇ ಕಾರು ಹತ್ತಿದರು. ಆ ವಾರ ನಾನು ಆಂಟಿಯ ಜೊತೆ ಮಾತು ಬಿಟ್ಟಿದ್ದೆ.

ಅವರು ಆ ಹವಳವನ್ನು ನೆರಳಿನ ಮೂಲೆಗೆ ಸರಿಸಿ ಕಾದರು. ತಿಂಗಳುಗಳೇ ಹಿಡಿದವು. ಕೊನೆಗೊಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು, "ಏ ಮಗಾ, ಕ್ಯಾಮ್ರಾ ತಗೊಂಡ್ ಬಾ, ಈಗ ಚೆನ್ನಾಗೈತೆ" ಎಂದು ಕೂಗಿದರು. ಇಳಿದು ನೋಡಿದರೆ ಹವಳ ಮತ್ತೆ ಸಗಣಿ ಬಣ್ಣಕ್ಕೆ ಬಂದು ಕುಳಿತಿತ್ತು. ಪಕ್ಕದಲ್ಲಿ ಆ ಕೈ. ತೆಗೆದೆ, ಹಾಕಿದೆ. ಯಾರೂ ಕೇಳಲಿಲ್ಲ. ಆಂಟಿ ಮಾತ್ರ ಆ ಫೋಟೋವನ್ನು ಬಂದವರಿಗೆಲ್ಲ ತೋರಿಸಿದರು.

ಯುಗಾದಿ ಬಂತು, ಹೋಯಿತು. ಮಗ ಬೈದುಕೊಳ್ಳುತ್ತಲೇ ಗೌರಿ ಹಬ್ಬದವರೆಗೆ ಎಂದ, ಆಮೇಲೆ ದೀಪಾವಳಿಯವರೆಗೆ ಎಂದ. ಒಂದು ಮಧ್ಯಾಹ್ನ ಊಟ ಮಾಡಿ ಕೈ ತೊಳೆಯಲು ಎದ್ದ ಆಂಟಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರು ನಿಂತಿತ್ತು.

ರಸ್ತೆ ಮೂಲೆಗೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಬೇಕಿತ್ತು. "ಅಕ್ಕಾ, ಅಮ್ಮನ ಒಳ್ಳೇ ಫೋಟೋ ನಿಮ್ಮತ್ರನೇ ಇರುತ್ತೆ" ಎಂದು ಮಗ ಬಂದ. ನಾನು ಕೂತು ಎಲ್ಲವನ್ನೂ ಹುಡುಕಿದೆ. ಇದ್ದದ್ದೆಲ್ಲ ಕೈ, ಬರೀ ಕೈ. ಮುಖ ಒಂದರಲ್ಲೂ ಇರಲಿಲ್ಲ. ಊರಿನ ಚಪ್ಪಲಿಗಳನ್ನೆಲ್ಲ ನಾಲ್ಕು ಕಡೆಯಿಂದ ತೆಗೆಯುವ ನನಗೆ ಒಂದು ದಿನವೂ ಕ್ಯಾಮೆರಾ ಸ್ವಲ್ಪ ಮೇಲೆತ್ತೋಣ ಎಂದು ತೋಚಿರಲಿಲ್ಲ.

ಕೊನೆಗೆ ಯಾರದೋ ಮದುವೆ ಆಲ್ಬಮ್ಮಿನಿಂದ ಮುಖ ಕತ್ತರಿಸಿ ಹಾಕಿಸಿದರು. ಫ್ಲೆಕ್ಸ್ ಮೇಲೇರಿದಾಗ ನಾನು ನೋಡುತ್ತಲೇ ನಿಂತೆ. ರೋಸ್ ಪೌಡರ್ ಬಳಿದಂಥ ಬೆಳ್ಳನೆಯ ಮುಖ. ಕೆನ್ನೆ ಗುಲಾಬಿ, ತುಟಿ ಕೆಂಪು. ನೇರ ಫ್ಲೆಕ್ಸ್ ಅಂಗಡಿಗೆ ಹೋಗಿ ಕೂಗಾಡಿದೆ. ಅಂಗಡಿಯವನು ಸಮಾಧಾನವಾಗಿಯೇ ಹೇಳಿದ: "ಅಕ್ಕಾ, ಸತ್ತೋರನ್ನ ಬೆಳ್ಳಗೆ ಮಾಡ್ಲಿಲ್ಲ ಅಂದ್ರೆ ಮನೆಯೋರು ಜಗಳಕ್ಕೇ ಬರ್ತಾರೆ. ಇವ್ರ ಮಗನೂ ಅದನ್ನೇ ಕೇಳಿದ್ದು." ಒಂದು ಹವಳದ ಬಣ್ಣ ಬದಲಾಯಿಸಲು ಬಿಡದ ಹೆಂಗಸನ್ನು ಬೀದಿಯಲ್ಲಿ ಹೀಗೆ ನಿಲ್ಲಿಸಿದರಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಮನೆಗೆ ಬಂದೆ.

ತೊಟ್ಟಿಗಳನ್ನು ಯಾರೋ ಕೊಂಡುಹೋದರು. ಕಂದು ಹವಳವೂ ಅವುಗಳ ಜೊತೆ ಹೋಯಿತು. ಈಗ ಅಲ್ಲಿ ಬಿರಿಯಾನಿ ಕೌಂಟರ್. ನನ್ನ ಕೆಲಸ ಹಾಗೇ ನಡೆದಿದೆ. ಒಂದು ಅಭ್ಯಾಸ ಮಾತ್ರ ಅಂಟಿಕೊಂಡಿದೆ. ಏನನ್ನೇ ತೆಗೆಯಲಿ, ಮೊದಲ ಫೋಟೋದಲ್ಲಿ ನನ್ನ ಕೈ ಇಟ್ಟು ಬಣ್ಣ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಬೆಡ್‌ಶೀಟಿನವರು ಬಣ್ಣ ಏರಿಸಿ ಕೊಡಿ ಎಂದಾಗ ಆಗಲ್ಲ ಎಂದೆ. ಆ ಗಿರಾಕಿ ಹೋಯಿತು. ಇದು ಆಂಟಿಯ ಋಣವೋ, ಅವರು ಅಂಟಿಸಿ ಹೋದ ಹಟವೋ, ಎರಡೂ ಇರಬೇಕು.

ಫ್ಲೆಕ್ಸ್ ಬಹಳ ದಿನ ಅಲ್ಲೇ ಇತ್ತು. ಬಿಸಿಲಿಗೆ ಕೆಂಪೆಲ್ಲ ಹಾರಿ ಆಂಟಿಯ ಮುಖ ನೀಲಿಗೆ ತಿರುಗಿತು. ಒಂದು ಬೆಳಿಗ್ಗೆ ಅಂಕಲ್, ಅಂದರೆ ಆಂಟಿಯ ಯಜಮಾನರು, ಕುರ್ಚಿ ತಂದು ಹಗ್ಗ ಬಿಚ್ಚುತ್ತಿದ್ದರು. ನಾನು ಹೋಗಿ ಕುರ್ಚಿ ಹಿಡಿದುಕೊಂಡೆ.

"ಇದು ಯಾರೋ ಏನೋ" ಎಂದು ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡರು. "ಅವಳದು ಸರಿಯಾಗಿರೋದು ಒಂದು ಕೊಡಮ್ಮಾ, ಇದ್ರೆ."

ಮುಖದ್ದು ಇಲ್ಲ ಎಂದೆ. ಇದ್ದದ್ದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟೆ. ಅಂಕಲ್ ಅದನ್ನು ಹಜಾರದಲ್ಲಿ ದೇವರ ಫೋಟೋಗಳ ಪಕ್ಕ ತೂಗುಹಾಕಿದ್ದಾರೆ. ಕಂದು ಹವಳ, ಅದರ ಪಕ್ಕ ಹಸಿರು ಬಳೆಯ, ಸೊಟ್ಟ ಕಿರುಬೆರಳಿನ ಕಪ್ಪು ಕೈ. ಮನೆಗೆ ಬಂದವರು ಇದೇನು ಎಂದು ಕೇಳುತ್ತಾರೆ.

"ನಮ್ಮನೆಯೋಳು" ಅನ್ನುತ್ತಾರೆ ಅಂಕಲ್.