ನಾಲ್ಕು ನಿಮಿಷದ ಹೆಂಗಸು

ಆ ಸಿನಿಮಾವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಹಳೆಯ ಕಪ್ಪು-ಬಿಳುಪಿನ ಅಮೆರಿಕನ್ ಚಿತ್ರ. ಮಾಡದ ಕೊಲೆಯ ಆರೋಪ ಹೊತ್ತ ಒಬ್ಬ ಬಿಳಿಯ, ಗಡಿ ದಾಟಿ ಮೆಕ್ಸಿಕೋಕ್ಕೆ ಓಡುತ್ತಾನೆ. ನಿಜವಾದ ಕೊಲೆಗಾರ ಅವನ ಮುಂದೆ, ಪೊಲೀಸ್ ಅಧಿಕಾರಿ ಅವನ ಹಿಂದೆ. ಧೂಳೆದ್ದ ರಸ್ತೆ, ಟೋಪಿಯ ನೆರಳಲ್ಲಿ ಅರ್ಧ ಮುಖ, ಸಿಗರೇಟಿನ ಹೊಗೆ. ಊರಿನವರೆಲ್ಲ ಆ ಓಟಕ್ಕೆ ಅಡ್ಡ ಬರುವ ಸಾಮಾನುಗಳು. ಅವರ ಮಾತಿಗೆ ನಗಬೇಕು, ಅವರ ತರಕಾರಿ ಗಾಡಿ ಮಗುಚಿದರೆ ಇನ್ನೂ ನಗಬೇಕು. ದೇಶ ಅವರದು, ರಸ್ತೆ ಅವರದು, ಕಥೆ ಮಾತ್ರ ಅವರದಲ್ಲ.

ನಡುವೆ ಒಬ್ಬ ಛತ್ರದ ಹೆಂಗಸು ಬರುತ್ತಾಳೆ. ನಾಯಕನಿಗೆ ನೀರು ಕೊಟ್ಟು, ಹಿತ್ತಿಲ ಬಾಗಿಲು ತೋರಿಸಿ ಉಳಿಸುತ್ತಾಳೆ. ಪೊಲೀಸರು ಅವಳ ಕೈ ತಿರುಚಿ ಜೀಪಿಗೆ ಹತ್ತಿಸುತ್ತಾರೆ. ಅಷ್ಟೇ. ಕ್ಯಾಮೆರಾ ನಾಯಕನ ಬೆನ್ನು ಹಿಡಿದು ಹೊರಟುಹೋಗುತ್ತದೆ. ನಾಲ್ಕು ನಿಮಿಷ, ಹೆಚ್ಚೆಂದರೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅದನ್ನು ಒಮಾನಿನ ಸೂರ್‌ನಲ್ಲಿ ನೋಡಿದೆ. ಆಗ ಅಲ್ಲಿ ಕನ್ನಡ ಮಾತಾಡುವ ಮನೆಗಳು ಆರೋ ಏಳೋ. ವಿಡಿಯೋ ಕ್ಯಾಸೆಟ್ಟುಗಳು ಮಸ್ಕತ್ತಿನಿಂದ ಟ್ಯಾಕ್ಸಿಯವರ ಕೈಯಲ್ಲಿ ಬರುತ್ತಿದ್ದವು. ಏನು ಬರುತ್ತದೋ ಅದನ್ನೇ ನೋಡಬೇಕು. ಶುಕ್ರವಾರ ಊಟವಾದ ಮೇಲೆ ಎಲ್ಲರೂ ಬೆಂಗಳೂರಿನ ಎಂಜಿನಿಯರರ ಮನೆಯಲ್ಲಿ ಸೇರುತ್ತಿದ್ದೆವು, ದೊಡ್ಡ ಟಿವಿ ಇದ್ದದ್ದು ಅಲ್ಲಿಯೇ. ಇಂಗ್ಲಿಷ್ ಚಿತ್ರವಾದರೆ ಕಥೆ ಹೇಳುವ ಕೆಲಸ ನನ್ನದು. ಶಾಲೆಯಲ್ಲಿ ಪಾಠ ಹೇಳುವವಳು, ಗಂಟಲಿದೆ ಎಂಬ ಕಾರಣಕ್ಕೆ ಟಿವಿಯ ಪಕ್ಕ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಒಬ್ಬರು ರಿಮೋಟಿನಲ್ಲಿ ಚಿತ್ರ ನಿಲ್ಲಿಸುವರು, ನಾನು ಕನ್ನಡದಲ್ಲಿ ಹೇಳುವೆ, ಮತ್ತೆ ಓಡಿಸುವರು. ರುಚಿಗೆ ತಕ್ಕಂತೆ ಕಥೆಗೆ ಒಂದಿಷ್ಟು ಸೇರಿಸಿದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಹೊಸ್ತಿಲಾಚೆ, ಅಡುಗೆಮನೆಯ ಕಡೆ ಕಾಲು ಚಾಚಿ, ಆ ಮನೆಯ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಬ್ಬರು ಕೂರುತ್ತಿದ್ದರು. ಉಡುಪಿ ಕಡೆಯವರು, ನಲವತ್ತೈದು ದಾಟಿದವರು, ವಿಧವೆ. ಎಲ್ಲರಿಗೂ ಅವರು ‘ಆಯಾ’. ಎರಡು ವರ್ಷ ಆ ಮನೆಯಲ್ಲಿ ಕಾಫಿ ಕುಡಿದ ನಾನೂ ಅವರ ಹೆಸರು ಕೇಳಿರಲಿಲ್ಲ. ಅದು ಮೊದಲ ಅನ್ಯಾಯ, ಮತ್ತು ಅದು ನನ್ನದು.

ಛತ್ರದ ಹೆಂಗಸನ್ನು ಜೀಪಿಗೆ ಹತ್ತಿಸಿದಾಗ ಹೊಸ್ತಿಲಿಂದ ಧ್ವನಿ ಬಂತು:

“ಟೀಚರೇ, ಆ ಹೆಂಗಸಿಗೆ ಮತ್ತೆ ಎಂತಾಯ್ತು?”

ಎಲ್ಲರೂ ನಕ್ಕರು. “ಅವಳೇನು ಹೀರೋಯಿನ್ನಾ ಆಯಾ? ಮಗು ಎಚ್ಚರ ಆದೀತು, ಸುಮ್ಮನಿರಿ,” ಎಂದರು ಎಂಜಿನಿಯರರ ಹೆಂಡತಿ.

ನನಗೆ ಸಿಟ್ಟು ಬಂತು, ಸಿನಿಮಾದ ಮೇಲೂ ನಗುವಿನ ಮೇಲೂ. ಚಿತ್ರ ಮುಗಿಯುವಾಗ, ನಾಯಕ ನಿರಪರಾಧಿಯೆಂದು ಸಾಬೀತಾಗಿ ಗಡಿಯಾಚೆ ಮರಳುವಾಗ, ಚಿತ್ರದಲ್ಲಿ ಇಲ್ಲದ ಒಂದು ಮಾತು ಸೇರಿಸಿದೆ: ಛತ್ರದ ಹೆಂಗಸನ್ನೂ ಪೊಲೀಸರು ಬಿಟ್ಟುಬಿಟ್ಟರು.

ತಟ್ಟೆ ಲೋಟ ಎತ್ತಲು ನಾನು ಅಡುಗೆಮನೆಗೆ ಹೋದಾಗ ಅವರು ಮೆಲ್ಲಗೆ ಹೇಳಿದರು. “ಸುಳ್ಳಲ್ವಾ ಟೀಚರೇ? ಬಿಟ್ಟಿದ್ರೆ ತೋರಿಸ್ತಿರ್ಲಿಲ್ವಾ?”

ಆಮೇಲೆ ತಮ್ಮದನ್ನು ಹೇಳಿದರು. ಎಂಜಿನಿಯರರ ಹೆಂಡತಿಯ ಬಾಣಂತನಕ್ಕೆಂದು ಅವರನ್ನು ಎರಡು ವರ್ಷದ ಕರಾರಿನ ಮೇಲೆ ಕರೆಸಿದ್ದರು. ಎರಡು ವರ್ಷ ಮುಗಿದಿತ್ತು. ಊರಿನಲ್ಲಿ ಒಬ್ಬಳೇ ಮಗಳಿಗೆ ಏಳು ತಿಂಗಳು, ಚೊಚ್ಚಲು; ತವರಿಗೆ ಬಂದು ಕೂತಿದ್ದಾಳೆ, ತವರಿನಲ್ಲಿ ತಾಯಿ ಇಲ್ಲ. ಇಲ್ಲಿ ಎಂಜಿನಿಯರರ ಹೆಂಡತಿ ಮತ್ತೆ ಬಸುರಿ, ಆದ್ದರಿಂದ ಬಿಡುವುದಿಲ್ಲ. ಪಾಸ್‌ಪೋರ್ಟ್ ಯಜಮಾನರ ಗೋದ್ರೆಜ್ ಬೀರುವಿನಲ್ಲಿ. ಮನೆಯವರು ಹೊರಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ.

“ವೀಸಾ ಕೊಟ್ಟ ಅರಬ್ಬಿಯವರು ಒಳ್ಳೆಯವರಂತೆ. ಸಿನಿಮಾದಲ್ಲಿ ಅವರು ಹೇಳಿದ್ದನ್ನು ನಮಗೆ ಹೇಳ್ತೀರಲ್ಲ, ಹಾಗೆಯೇ ನಾನು ಹೇಳಿದ್ದನ್ನು ಅವರಿಗೆ ಹೇಳಿ. ಸೇರಿಸ್ಬೇಡಿ ಮಾತ್ರ.”

ಕಾಲೇಜಿನ ದಿನಗಳಲ್ಲಿ ಮೈಸೂರಿನ ಚೌಕಗಳಲ್ಲಿ ಜೀತದ ವಿರುದ್ಧ ಬೀದಿನಾಟಕ ಆಡಿದವಳು ನಾನು. ಜೀತ ಎಂಬುದು ಜಮೀನ್ದಾರನ ಅಂಗಳದಲ್ಲಿ ಇರುತ್ತದೆ ಎಂದು ತಿಳಿದಿದ್ದೆ. ಅದು ನಮ್ಮಂಥ ಓದಿದವರ ಬೀರುವಿನಲ್ಲಿ, ಸೀರೆಗಳ ನಡುವೆ, ನೀಲಿ ರಟ್ಟಿನ ಪುಸ್ತಕವಾಗಿ ಇರಬಹುದೆಂದು ಯಾವ ಅಧ್ಯಯನ ಶಿಬಿರವೂ ನನಗೆ ಕಲಿಸಿರಲಿಲ್ಲ. ಎಂಜಿನಿಯರರ ಹೆಂಡತಿಯನ್ನು ಕೇಳಿದೆ. “ನಮ್ಮ ಹತ್ರ ಇದ್ರೇನೇ ಸೇಫ್ ಅಲ್ವೇನ್ರೀ? ಇವರು ಎಲ್ಲಾದ್ರೂ ಕಳ್ಕೊಂಡ್ರೆ ಯಾರು ಓಡಾಡೋದು?” ಎಂದರು, ಚಕ್ಕುಲಿಯ ಡಬ್ಬಿ ನನ್ನ ಮುಂದೆ ಸರಿಸುತ್ತ. ದುಷ್ಟತನದ ಸುಳಿವೇ ಇಲ್ಲದ ಆ ಮಾತಿನ ನಿರಾಳತೆ ನನ್ನನ್ನು ಇಂದಿಗೂ ಕೆರಳಿಸುತ್ತದೆ.

ವೀಸಾ ಕೊಟ್ಟವರನ್ನು ಅಲ್ಲಿ ಕಫೀಲರೆನ್ನುತ್ತಾರೆ, ಅವರ ಒಪ್ಪಿಗೆಯಿಲ್ಲದೆ ದೇಶ ಬಿಡುವಂತಿಲ್ಲ. ಈ ಕಫೀಲರು ಹಡಗು ಕಟ್ಟುವ ಮುದುಕರು. ಯೌವನದಲ್ಲಿ ಮರಕ್ಕಾಗಿ ಮಂಗಳೂರಿನವರೆಗೆ ಹೋಗಿಬಂದವರು, ಹಿಂದಿ ಚೆನ್ನಾಗಿಯೇ ಆಡುತ್ತಿದ್ದರು. ಮಗುವಿಗೆ ಲಸಿಕೆ ಹಾಕಿಸುವ ನೆಪದಲ್ಲಿ ಆಯಾ ಹೊರಬಿದ್ದ ಒಂದು ಬೆಳಿಗ್ಗೆ ನಾವು ಅವರ ಹಡಗುಕಟ್ಟೆಗೆ ಹೋದೆವು. ಅರ್ಧ ಕಟ್ಟಿದ ಹಡಗಿನ ನೆರಳಲ್ಲಿ ಖರ್ಜೂರ, ಅರಬ್ಬಿ ಕಾಫಿ ಕಹ್ವಾ ಕೊಟ್ಟು ಕೂರಿಸಿದರು. ಆಯಾ ಕನ್ನಡದಲ್ಲಿ ಎಲ್ಲವನ್ನೂ ಹೇಳಿದರು: ಮಗಳು, ಕರಾರು, ಬೀರು, ಬೀಗ.

ನಾನು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಇವರಿಗೆ ಊರಿನ ನೆನಪು ಕಾಡುತ್ತಿದೆ, ಮಗಳ ಹೆರಿಗೆಗೆ ಹೋಗುವ ಆಸೆಯಿದೆ.

ಯಾಕೆ ಹಾಗೆ ಮಾಡಿದೆ? ಪರದೇಶದಲ್ಲಿ ನಮ್ಮವರ ಮಾನ ತೆಗೆಯಬಾರದು ಎಂಬ ಪಾಠ ನನಗೂ ರಕ್ತಗತವಾಗಿತ್ತು. ಕನ್ನಡದವರು ಕನ್ನಡದವರನ್ನು ಬೀಗ ಹಾಕಿ ಇಟ್ಟಿದ್ದಾರೆಂದು ಅರಬ್ಬಿಯೊಬ್ಬರ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. ಮುದುಕರು ತಲೆಯಾಡಿಸಿದರು. ಎಂಜಿನಿಯರ್ ಒಳ್ಳೆಯ ಮನುಷ್ಯ, ಈದ್ ಕಳೆಯಲಿ, ಮಾತಾಡುತ್ತೇನೆ ಎಂದರು.

ದಾರಿಯಲ್ಲಿ ಆಯಾ ಕೇಳಿದರು, “ನಾನು ಅಷ್ಟುದ್ದ ಹೇಳಿದೆ, ನೀವು ಇಷ್ಟೇ ಹೇಳಿದ್ರಿ. ಬೀಗದ್ದು ಹೇಳಿದ್ರಾ?”

“ಹೇಳಿದೆ,” ಎಂದೆ.

ಈದ್ ಕಳೆಯಿತು. ಏನೂ ಆಗಲಿಲ್ಲ. ಆ ಮೊದಲ ಭೇಟಿಯಾದ ಐದು ವಾರಗಳ ಮೇಲೆ ಒಂದು ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ, ಅವರು ಗೇಟಿನಲ್ಲಿ ನಿಂತಿದ್ದರು. ಕಸ ಎಸೆಯಲು ಬಾಗಿಲು ತೆರೆದಾಗ ಹಾಗೆಯೇ ನಡೆದು ಬಂದಿದ್ದರು, ಮನೆಯೊಳಗಿನ ಚಪ್ಪಲಿಯಲ್ಲಿ. “ಬನ್ನಿ,” ಎಂದರು, ಅಷ್ಟೇ.

ಹಡಗುಕಟ್ಟೆಯಲ್ಲಿ ಈ ಸಲ ಅವರು ನನ್ನ ಮಾತಿಗೆ ಕಾಯಲಿಲ್ಲ. ಮನೆಯವರ ಜೊತೆ ಮಗುವನ್ನೆತ್ತಿಕೊಂಡು ಹೋಗುವ ಅಂಗಡಿಗಳಲ್ಲಿ ಕಲಿತ ನಾಲ್ಕೈದು ಅರಬ್ಬಿ ಪದಗಳೇ ಅವರ ಆಸ್ತಿ. ಮುದುಕರ ಮುಂದೆ ನಿಂತು, ಗಾಳಿಯಲ್ಲಿ ಕೀಲಿ ತಿರುಗಿಸಿ ತೋರಿಸಿ, “ಬಾಬ್,” ಎಂದರು, ಬಾಗಿಲು. ತಮ್ಮ ಎದೆ ಮುಟ್ಟಿಕೊಂಡರು. ಮತ್ತೆ ಕೀಲಿ ತಿರುಗಿಸಿದರು.

ಮುದುಕರು ನನ್ನ ಕಡೆ ತಿರುಗಿದರು. ಆಗ ಎಲ್ಲವನ್ನೂ ಹೇಳಿದೆ, ಏನೂ ಸೇರಿಸದೆ, ಏನೂ ಬಿಡದೆ.

“ಟೀಚರ್, ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?”

ಆಯಾಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಆ ಪ್ರಶ್ನೆಗೆ ನಾನು ತಲೆ ತಗ್ಗಿಸಿದ್ದು ಅವರಿಗೆ ಅರ್ಥವಾಗದೆ ಇರಲಿಲ್ಲ.

ಮುದುಕರು ತಾವೇ ಎಂಜಿನಿಯರರ ಮನೆಗೆ ಹೋಗಿ ಪಾಸ್‌ಪೋರ್ಟ್ ತಂದು ಆಯಾರ ಕೈಯಲ್ಲಿಟ್ಟರು. “ಖಲಾಸ್,” ಎಂದರು. ಅವರ ಒಳ್ಳೆಯತನವನ್ನು ನಾನು ಮರೆಯಲಾರೆ. ಹಾಗೆಂದು ಆ ವ್ಯವಸ್ಥೆಯನ್ನು ಹೊಗಳಲಾರೆ. ಒಬ್ಬ ಹೆಂಗಸು ತನ್ನ ಮನೆಗೆ ಹೋಗಲು ಒಬ್ಬ ಮುದುಕನ ಕರುಣೆ ಬೇಕಾಗುವುದಾದರೆ ಅದು ಹಕ್ಕಲ್ಲ, ಭಿಕ್ಷೆ. ಆತ ಒಳ್ಳೆಯವನಾಗಿರದಿದ್ದರೆ? ಕಾಗದಪತ್ರಗಳಿಗೆ ಮತ್ತೂ ಹತ್ತು ದಿನ ಹಿಡಿಯಿತು. ಅಷ್ಟು ದಿನ ಆಯಾ ನಮ್ಮ ಮನೆಯಲ್ಲಿದ್ದರು. ಶುಕ್ರವಾರದ ಸಿನಿಮಾಕ್ಕೆ ನನಗೆ ಮತ್ತೆ ಕರೆ ಬರಲಿಲ್ಲ. “ಮನೆ ಮಾತನ್ನು ಬೀದಿಗೆ ತಂದವಳು,” ಎಂದರಂತೆ. ಬೀಗ ಹಾಕಿದ್ದು ಮನೆ ಮಾತು, ಬಾಗಿಲು ತೆರೆಸಿದ್ದು ಬೀದಿ ಮಾತು!

ಎರಡು ತಿಂಗಳ ಮೇಲೆ ಊರಿನಿಂದ ನಾಲ್ಕು ಸ್ಟ್ಯಾಂಪಿನ ದಪ್ಪ ಕವರು ಬಂತು. ಮಗಳ ಕೈಯಲ್ಲಿ ಬರೆಸಿದ್ದು, ಕೆಳಗೆ ಅವರೇ ಬರೆದ ಹೆಸರು, ವಕ್ರವಾಗಿ. ‘ಹೆಣ್ಣು ಮಗು. ಹುಟ್ಟಿ ಹನ್ನೊಂದನೇ ದಿನಕ್ಕೆ ನಾನು ಮುಟ್ಟಿದೆ. ಅಷ್ಟು ದಿನ ನೆರೆಮನೆಯವರು ಮೀಯಿಸಿದ್ದು, ಪಾಪ ಅವರಿಗೆ ಅಭ್ಯಾಸ ಇಲ್ಲ. ಈಗ ನಾನೇ ಮೀಯಿಸುವುದು. ನಿಮ್ಮಿಂದ ಉಪಕಾರವಾಯಿತು.’

ಆ ಹನ್ನೊಂದು ದಿನಗಳಲ್ಲಿ ಎಂಜಿನಿಯರರ ಪಾಲೆಷ್ಟು, ಕಾನೂನಿನ ಪಾಲೆಷ್ಟು ಎಂದು ನಾನು ಯಾವ ವೇದಿಕೆಯಲ್ಲೂ ಹೇಳಬಲ್ಲೆ, ಹೇಳಿಯೂ ಇದ್ದೇನೆ. ನನ್ನ ಪಾಲು, ಬೀಗದ ಮಾತು ನುಂಗಿದ ಆ ಐದು ವಾರ. ಅದನ್ನು ಹೇಳುತ್ತಿರುವುದು ಇದೇ ಮೊದಲು.