ಐದು ಮಂಕರಿ, ಒಂದು ಬಾಣಂತನ

ನಾನು ಸೋತದ್ದು ಗಾಳಿಯಿಂದಲ್ಲ. ನಮ್ಮ ಬೀಗಿತಿಯ ಕೈ ನನ್ನ ಕೈಗಿಂತ ಚೆನ್ನಾಗಿತ್ತು, ಅಷ್ಟೇ. ನಮ್ಮ ಯಜಮಾನರು ಮಾತ್ರ ಕೊನೆಯವರೆಗೂ ಗಾಳಿ ಬಂತು, ಗಾಳಿ ಬಂತು ಎಂದೇ ಹೇಳಿಕೊಂಡು ತಿರುಗಿದರು. ಆ ಮುಂಜಾನೆ ಚನ್ನಗಿರಿಯ ಪಾರ್ಕಿನಲ್ಲಿ ಒಂದೆಲೆ ಅಲ್ಲಾಡಿದ್ದನ್ನು ನಾನು ಕಾಣೆ.

ಆಗ ಎಂಬತ್ತರ ದಶಕ ಶುರುವಾಗಿತ್ತು. ಯಜಮಾನರು ಆ ಪಾರ್ಕಿನ ಮಾಲಿ. ಇದ್ದೊಬ್ಬ ಮಗಳನ್ನು ನ್ಯಾಮತಿಗೆ ಕೊಟ್ಟಿದ್ದೆವು. ಅಳಿಯ ಡ್ರಿಲ್ ಮೇಷ್ಟ್ರು. ಯಾವುದೋ ಶಿಬಿರಕ್ಕೆ ಹೋದವನು ಅಂಚು ಬಾಗಿದ ಒಂದು ಪ್ಲಾಸ್ಟಿಕ್ ತಟ್ಟೆಯನ್ನೂ ಅದರ ಆಟವನ್ನೂ ತಂದಿದ್ದ. ತಟ್ಟೆಯನ್ನು ಬೀಸಿ ಬುಟ್ಟಿಗೆ ಹಾಕಬೇಕು. ಹೊರಗೆ ಬಿದ್ದರೆ ಬಿದ್ದಲ್ಲಿಂದಲೇ ಮತ್ತೆ ಬೀಸಬೇಕು. ಎಲ್ಲ ಬುಟ್ಟಿ ಮುಗಿಯುವ ಹೊತ್ತಿಗೆ ಯಾರು ಕಡಿಮೆ ಸಲ ಬೀಸಿರುತ್ತಾರೋ ಅವರು ಗೆದ್ದ ಹಾಗೆ. ನಮ್ಮೂರಿಗೆ ಬಂದಾಗಲೆಲ್ಲ ಅವನು ಬುಟ್ಟಿಗೆಂದು ಮಾವನ ಹಳೇ ಮಂಕರಿಗಳ ಗೊಬ್ಬರ ಕೊಡವಿ, ಸೊಂಟದೆತ್ತರಕ್ಕೆ ಮರಗಳಿಗೆ ತೂಗುಹಾಕುತ್ತಿದ್ದ. ಚಳಿಗಾಲದಲ್ಲಿ ಅರ್ಧ ಪಾರ್ಕನ್ನು ಹೂವಿನ ಪಾತಿಗೆಂದು ಅಗೆದಿರುತ್ತಿದ್ದರು. ಹಾಗಾಗಿ ಐದೇ ಮಂಕರಿ.

ಆ ಚಳಿಗಾಲ ಅಳಿಯ ಬಂದದ್ದು ಆಟಕ್ಕಲ್ಲ. ಮಗಳು ಎರಡನೇ ಬಸುರಿ, ಒಂಬತ್ತಕ್ಕೆ ಬಿದ್ದಿತ್ತು. ಮೊದಲ ಕೂಸನ್ನು ನ್ಯಾಮತಿಯ ಮನೆಯವರ ಹತ್ತಿರ ಬಿಟ್ಟು ನನ್ನ ಮನೆಗೆ ಬಂದು ಕೂತಿದ್ದಳು. ಅವಳನ್ನು ಕರೆದೊಯ್ಯಲು ಅಳಿಯ ತನ್ನ ತಾಯಿಯನ್ನೇ ಜೊತೆಗೆ ಕರೆತಂದಿದ್ದ. ಮೊದಲ ಬಾಣಂತನ ತವರಿನದು, ಅದನ್ನು ನಾನು ಮಾಡಿ ಮುಗಿಸಿದ್ದೆ. ಎರಡನೆಯದಕ್ಕೆ ಇಂಥ ಕಡೆಯೇ ಎಂಬ ಕಟ್ಟಿಲ್ಲ. ಜಗಳ ಹುಟ್ಟಿದ್ದೇ ಅಲ್ಲಿ.

ರಾತ್ರಿ ಊಟಕ್ಕೆ ಕೂತಾಗ ಬೀಗಿತಿಯೇ ಮಾತು ತೆಗೆದಳು. "ಬೀಗ್ತೀ, ನಿಮ್ಮ ಮನ್ಯಾಗೆ ಒಂದು ಬಾಣಂತನ ಆಗೈತೆ. ಇದನ್ನ ನಮಗೆ ಬಿಡ್ರಿ."

"ಕೂಸನ್ನ ಕಾಲ ಮ್ಯಾಲೆ ಹಾಕ್ಕೊಂಡು ಒಂದಿನಾನಾದ್ರೂ ನೀರು ಎರೆದೀರೇನ್ರಿ?"

"ಮೂರು ಗಂಡು ಹೆತ್ತೀನಿ."

"ಹೆತ್ತದ್ದು ಜಗಳೂರಾಗೆ, ನಿಮ್ಮ ತವರಿನಾಗೆ. ಎರೆದೋರು ನಿಮ್ಮವ್ವ."

ಬೀಗಿತಿ ಅನ್ನ ಕಲಸುತ್ತಲೇ ಅಂದಳು. "ಅದಕ್ಕೇ ಕೇಳ್ತಿರೋದು. ನಂಗೆ ಹೆಣ್ಣು ಮಕ್ಕಳಿಲ್ಲ. ನಮ್ಮ ಮನ್ಯಾಗೆ ಇವತ್ತಿನವರೆಗೆ ಒಂದು ಹಸಿಕೂಸು ಅತ್ತಿಲ್ಲ. ಬಂದವೆಲ್ಲ ತಿಂಗಳುಗಟ್ಟಲೆ ಬೆಳೆದು ಬಂದವು."

ಆ ಮಾತು ನನಗೆ ತಾಗಿತು. ಮಗಳನ್ನು ಬಿಟ್ಟುಕೊಡುವಷ್ಟು ತಾಗಲಿಲ್ಲ. ಮೊದಲ ಹೆರಿಗೆಯಾದಾಗ ಅವಳಿಗೆ ಜ್ವರ ಹಿಡಿದು, ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದಳು. ಈ ಸಲ ಯಾರ ಸೆರಗು ಹಿಡಿಯಬೇಕು?

ಬೆಳಗ್ಗೆ ಎಲ್ಲರೂ ಪಾರ್ಕಿಗೆ ಹೋದೆವು. ದಾರಿಯುದ್ದಕ್ಕೂ ನನ್ನದೂ ಬೀಗಿತಿಯದೂ ಅದೇ ಮಾತು. ಅಳಿಯ ಎಂದಿನಂತೆ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಮಂಕರಿಗಳನ್ನು ತೂಗುಹಾಕಿದ. ಮಗಳು ಕಲ್ಲುಬೆಂಚಿನ ಮೇಲೆ ಕೂತು ಕೈ ಮುಗಿದಳು.

"ನಿಮ್ಮ ಗಲಾಟೆಗೆ ಕೂಸು ಹೊಟ್ಟೇಲೇ ಕಿವಿ ಮುಚ್ಕೊಂಡೈತೆ. ತಗಳ್ರಿ ಆ ತಟ್ಟೇನ. ಇಬ್ರೂ ಆಡ್ರಿ. ಗೆದ್ದೋರ ಮನೆಗೆ ನಾನು."

"ನಗಾಡಾಕೆ ಹೇಳ್ತಾಳೆ ಕಣೆ," ಎಂದರು ಯಜಮಾನರು.

ಅಷ್ಟರಲ್ಲಿ ಬೀಗಿತಿ ಸೆರಗು ಸಿಕ್ಕಿಸಿಯಾಗಿತ್ತು. ನಾನೂ ಸಿಕ್ಕಿಸಿದೆ.

ಹುಲ್ಲಿನ ಇಬ್ಬನಿಗೆ ಅಂಗಾಲು ಜುಮ್ಮೆನ್ನುತ್ತಿತ್ತು. ನಾನು ಮೊದಲ ಸಲ ಬೀಸಿದ್ದು ಹೋಗಿ ಚೆಂಡುಹೂವಿನ ಪಾತಿಯಲ್ಲಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಯಜಮಾನರು ಊರು ಒಂದು ಮಾಡುತ್ತಿದ್ದರು. ಮುರಿದ ಗಿಡವನ್ನು ಸುಮ್ಮನೆ ಎತ್ತಿ ನಿಲ್ಲಿಸಿದರು.

"ಮುದ್ದೆ ತಿರುವಿದಂಗೆ ತಿರುವಬ್ಯಾಡ್ರಿ ಬೀಗ್ತೀ," ಎಂದಳು ಅವಳು. ಅವಳು ಬೀಸಿದ್ದೂ ಬೇವಿನ ಮರಕ್ಕೆ ಬಡಿದು ವಾಪಸು ಅವಳ ಕಾಲ ಹತ್ತಿರವೇ ಬಂತು.

"ಮರಕ್ಕೂ ನೀವು ಬ್ಯಾಡಂತೆ," ಎಂದೆ.

ನಾಲ್ಕು ಮಂಕರಿ ಮುಗಿದಾಗ ಇಬ್ಬರೂ ಸಮ. ಕೊನೆಯದು ಗೇಟಿನ ಪಕ್ಕದ ಹೊಂಗೆ ಮರದಲ್ಲಿತ್ತು. ನಾನು ಬೀಸಿದ ತಟ್ಟೆ ಮಂಕರಿಯ ಬಾಯಿಗೆ ತಾಗಿ ಕೆಳಗೆ ಬಿತ್ತು. ಹತ್ತಿರ ಹೋಗಿ ಎರಡನೇ ಸಲಕ್ಕೆ ಹಾಕಿದೆ. ಇದಕ್ಕಿಂತ ಇವಳೇನು ಮಾಡಿಯಾಳು ಎಂದುಕೊಂಡೆ.

ಬೀಗಿತಿ ತಟ್ಟೆ ಹಿಡಿದು ಎರಡು ಸಲ ತೂಗಿ ನೋಡಿದಳು. ಆಮೇಲೆ ಆ ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು, ಒಲೆಯ ಮುಂದೆ ಕೂತ ಹಾಗೆ. ನನಗೆ ಅಲ್ಲೇ ಅರ್ಥವಾಯಿತು. ಅವಳ ಮನೆಯಲ್ಲಿ ನೋಡಿದ್ದೆನಲ್ಲ! ಜೋಳದ ರೊಟ್ಟಿ ಬೇಯಿಸಿ, ಕೂತಲ್ಲಿಂದಲೇ, ಗೋಡೆಯ ಪಕ್ಕದ ಬಿದಿರ ಪುಟ್ಟಿಗೆ ಒಂದೊಂದನ್ನೇ ಬೀಸುತ್ತಾಳೆ. ತಿರುಗಿಯೂ ನೋಡುವುದಿಲ್ಲ. ಮುಂಗೈ ಒಂದಿಷ್ಟು ಹೊರಳಿತು. ತಟ್ಟೆ ಅಲುಗದೆ ಹೋಗಿ ಮಂಕರಿಯೊಳಗೆ ಕೂತಿತು.

"ಅವ್ವಾ, ಹೆಂಗೆ ಹಾಕ್ದೆ?" ಅಳಿಯ ಬಾಯಿ ಬಿಟ್ಟ.

"ರೊಟ್ಟಿ ಕಣೋ. ದಿನಾ ತಿಂತೀಯಲ್ಲ."

"ಗಾಳಿ ಬಂತು ಕಣೆ," ಎಂದರು ಯಜಮಾನರು.

"ಸುಮ್ನಿರ್ರಿ."

ಮಗಳು ಎದ್ದು ಬಂದು ನನ್ನ ಕೈ ಹಿಡಿದಳು. "ಅವ್ವಾ, ನಾನು ತಮಾಷೆಗೆ ಅಂದಿದ್ದು." ಬೀಗಿತಿಯೂ ಸೀರೆಯ ಒದ್ದೆ ಹಿಂಡುತ್ತಾ, "ನಿಮಗೆ ಬ್ಯಾಸರ ಆದ್ರೆ ಬ್ಯಾಡ ಬಿಡ್ರಿ" ಎಂದಳು. ಅವಳ ಮುಖದ ಗೆಲುವು ಅಷ್ಟಕ್ಕೇ ಇಳಿದಿತ್ತು.

"ಆಡಿದ್ದು ಆಡ್ದಂಗೆ. ನಾಳೆ ಕರ್ಕೊಂಡು ಹೋಗ್ರಿ," ಎಂದೆ.

ಮನೆಗೆ ಬಂದು ಸೊಂಠಿ ಕುಟ್ಟಿದೆ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಹೋಗಿ ಕೂರುವುದು ನಮ್ಮ ಕಡೆ ಇಲ್ಲ. ಜನ ಆಡಿಕೊಳ್ಳುತ್ತಾರೆ. ಕುಟ್ಟುತ್ತಾ ಕುಟ್ಟುತ್ತಾ ಅದನ್ನೂ ಯೋಚಿಸಿದೆ. ಪಂದ್ಯದಲ್ಲಿ ಮಗಳು ಎಲ್ಲಿರಬೇಕು ಎಂದು ಮಾತಾಗಿತ್ತು. ನಾನು ಎಲ್ಲಿರಬೇಕು ಎಂದು ಯಾರೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ಸೊಂಠಿ ಪುಡಿ, ಬೆಳ್ಳುಳ್ಳಿ, ಹರಳೆಣ್ಣೆ, ಮೆತ್ತಗಾದ ಹಳೇ ಸೀರೆಗಳು, ನನ್ನವೆರಡು ಸೀರೆ, ಎಲ್ಲ ಸೇರಿಸಿ ಗಂಟು ಕಟ್ಟಿದೆ. ಯಜಮಾನರಿಗೆ ಹಿಟ್ಟಿನ ಡಬ್ಬ ತೋರಿಸಿ, "ಮುದ್ದೆ ಮಾಡಾಕೆ ಕಲೀರಿ" ಎಂದೆ. ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಮೊದಲ ಬಸ್ಸು ಬಂತು. ಮಗಳ ಹಿಂದೆ ನಾನೂ ಹತ್ತಿದೆ.

"ಬೆಳ್ಳುಳ್ಳಿ ನಮ್ಮ ಮನ್ಯಾಗೂ ಐತ್ರಿ," ಎಂದಳು ಬೀಗಿತಿ, ಗಂಟು ನೋಡಿ.

"ಐತೆ. ಎರೆಯಾಕೆ ಬರಬೇಕಲ್ಲ. ಕಲಿಸ್ತೀನಿ, ಸರೀರಿ ಆ ಕಡೆ."

ಸರಿದು ಜಾಗ ಕೊಟ್ಟಳು. ಗಂಟನ್ನು ಇಬ್ಬರ ತೊಡೆಯ ಮೇಲೂ ಬರುವ ಹಾಗೆ ಇಟ್ಟು ಕೂತೆ.